ಇಸ್ಮತಳ ನಂಬರು

ನಮ್ಮ ಓಣಿಯ ಹೆಂಗಸರಿಗೆ ಸರಕಾರದಿಂದ ಬರುವ ಸುದ್ದಿಯೆಲ್ಲ ಇಸ್ಮತಳ ಫೋನಿಗೇ ಬರುತ್ತದೆ. ನನ್ನದೂ ಅಲ್ಲಿಗೇ. ಜತ್ತ ತಾಲೂಕಿನ ನಮ್ಮ ಸೋನ್ಯಾಳದಲ್ಲಿ ಕುಬಸ ಹೊಲಿಯುವ ಇಸ್ಮತ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಈಗೀಗ ‘ಓಟಿಪಿ ಇಸ್ಮತ’ ಎಂದರೂ ತೋರಿಸುತ್ತಾರೆ.

ಆಧಾರ ಕಾರ್ಡು ಹೊಸದಾಗಿ ಬಂದ ಕಾಲ. ಶಾಲೆಯಲ್ಲಿ ಮಶೀನು ತಂದಿಟ್ಟಿದ್ದರು. ನನ್ನ ಗಂಡ ಮುರಗೆಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಹೊರಗೆ ನಿಲ್ಲಲು ನನಗೆ ಸಂಕೋಚ. ಇಸ್ಮತ ನನ್ನ ಮುಂದೆ ಪಾಳಿಯಲ್ಲಿ ನಿಂತೇ ಹಸಿರು ಖಣದ ಕುಬಸಕ್ಕೆ ಗುಂಡಿ ಹಚ್ಚುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಮಶೀನಿನವನು ಮೊಬೈಲ್ ನಂಬರು ಕೇಳಿದ. ಮೊಬೈಲು ಗಂಡಸರ ಕಿಸೆಯಲ್ಲಿತ್ತು, ಗಂಡಸರು ಹೊಲದಲ್ಲಿದ್ದರು. ಇಸ್ಮತಳ ಗಂಡ ಜಹಾಂಗೀರ ಸಂತೆ ಸಂತೆಗೆ ಬಳೆ ಮಾರಲು ಹೋಗುವವನು, ಹೆಂಡತಿಗೊಂದು ಸಣ್ಣ ಫೋನು ಕೊಡಿಸಿದ್ದ.

“ನಂದ ಬರಸ್ರಿ ಅಕ್ಕಾ. ನಂಬರ ಏನ ಸವಿತೈತೇನ?” ಅಂದಳು.

ನಾನು ಬರೆಸಿದೆ. ನನ್ನ ಹಿಂದಿದ್ದ ದಾಕ್ಷಾಯಣಿ ಬರೆಸಿದಳು. ಅವಳ ಹಿಂದಿನವರೂ ಬರೆಸಿದರು. ಮನೆಗೆ ಬಂದು ರೊಟ್ಟಿ ಬಡಿಯುವ ಹೊತ್ತಿಗೆ ಮರೆತೂಬಿಟ್ಟೆವು.

ಮುಂದೆ ರೇಷನ್, ವಿಧವೆಯರಿಗೆ ಸರಕಾರ ತಿಂಗಳಿಗೆ ಕೊಡುವ ಪಗಾರ, ಪಂಚಾಯತಿಯ ದಾಖಲೆ ಒಂದೊಂದಾಗಿ ಕಂಪ್ಯೂಟರಿಗೆ ಹೋದವು. ಬಸ್‌ಸ್ಟ್ಯಾಂಡಿನ ಹತ್ತಿರ ಶಂಕರಲಿಂಗನ ಸೇವಾ ಕೇಂದ್ರ. ಅಲ್ಲಿ ಏನು ಮಾಡಿಸಲು ಹೋದರೂ ಆಧಾರಕ್ಕೆ ಬರೆಸಿದ ಫೋನಿಗೆ ಒಂದು ಗುಪ್ತ ಸಂಖ್ಯೆ ಬರುತ್ತದೆ, ಅದೇ ಓಟಿಪಿ. ಅದನ್ನು ಅವನಿಗೆ ಹೇಳಬೇಕು. ತಡವಾದರೆ ಅದು ಸತ್ತುಹೋಗುತ್ತದೆ. ಹೀಗಾಗಿ ಯಾರ ಕೆಲಸವಿದ್ದರೂ ಇಸ್ಮತ ಹೊಲಿಗೆ ಬಿಟ್ಟು ಏಳಬೇಕು. ತೋಳು ಕೂಡಿಸದ ಕುಬಸ ಮಶೀನಿನ ಸೂಜಿಗೆ ಸಿಕ್ಕಿಕೊಂಡಂತೆಯೇ ಇರುತ್ತಿತ್ತು.

“ನಮ್ಮ ಮನಿಯಾಗ ತಹಶೀಲ್ದಾರ ಅದಾಳ್ರಿ. ನನಗ ಚಾ ಸಿಗೂದ ಕಚೇರಿ ಬಂದ್ ಆದಮ್ಯಾಲ,” ಎಂದು ಜಹಾಂಗೀರ ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದ.

ಒಮ್ಮೆ ಯಾವನೋ ಅವಳಿಗೆ ಫೋನು ಮಾಡಿ, “ಭಾಗವ್ವನ ಕೆಲಸ ಐತಿ, ಈಗ ಬಂದ ನಂಬರ ಹೇಳ್ರಿ” ಎಂದನಂತೆ. ಭಾಗವ್ವ ಎಂದರೆ ನಾನು. ಇಸ್ಮತ ಫೋನು ಕತ್ತರಿಸಿ, ಸೂಜಿ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಮನೆಗೆ ಬಂದಳು. ನಾನು ಯಾರಿಗೂ ಹೇಳಿ ಕಳಿಸಿರಲಿಲ್ಲ. ಅಂದಿನಿಂದ ಆಕೆ ಒಂದು ಕಟ್ಟಳೆ ಮಾಡಿಕೊಂಡಳು. ಯಾರ ಓಟಿಪಿಯೋ ಅವರು ಎದುರಿಗೆ ಬಂದು ಕೂರಬೇಕು. ಫೋನಿನಲ್ಲಿ ಮಾತ್ರ ಹೇಳುವುದಿಲ್ಲ. ಮಗ ಬಂದು ಅವ್ವನದು ಕೇಳಿದರೂ ಇಲ್ಲ. ನಮಗೆಲ್ಲ ಅದು ಚಲೋ ಅನಿಸಿತು. ಅವಳು ಊರು ಬಿಟ್ಟು ಹೋಗುವ ಹೊತ್ತು ಬಂದೀತು ಎಂದು ಯಾರೂ ಯೋಚಿಸಲಿಲ್ಲ.

ಆ ಹೊತ್ತು ಈ ವರ್ಷ ಬಂತು. ಇಸ್ಮತಳ ಒಬ್ಬಳೇ ಮಗಳು ಆರಜೂಳನ್ನು ಮಿರಜಿಗೆ ಕೊಟ್ಟಿದ್ದಾರೆ. ಚೊಚ್ಚಲ ಬಸಿರು. ಹೆರಿಗೆಗೆ ತವರಿಗೆ ಬರಬೇಕಾದವಳಿಗೆ ಡಾಕ್ಟರು ಬಸ್ಸು ಹತ್ತಬೇಡ ಎಂದರು. ಅತ್ತೆ ಇಲ್ಲದ ಮನೆ. “ಅಮ್ಮೀ, ನೀ ಬಾ” ಎಂದು ಅವಳದು ದಿನಾ ಫೋನು. ಅದೇ ತಿಂಗಳು ನಮ್ಮಂಥ ವಿಧವೆಯರೆಲ್ಲ ಬದುಕಿದ್ದೇವೆ, ಆಧಾರ ನಮ್ಮದೇ ಎಂದು ಆನ್‌ಲೈನಿನಲ್ಲಿ ಖಾತ್ರಿ ಮಾಡಿಸಬೇಕು, ಇಲ್ಲದಿದ್ದರೆ ಪಗಾರ ನಿಲ್ಲುತ್ತದೆ ಎಂದು ಚಾವಡಿಯಲ್ಲಿ ಕಾಗದ ಹಚ್ಚಿದರು.

ಶಂಕರಲಿಂಗ ನೇರವಾಗಿ ಹೇಳಿದ: “ಆಯಿ, ಜತ್ತಿಗಿ ಹೋಗಿ ಆಧಾರ ಕೇಂದ್ರದಾಗ ಹೆಬ್ಬಟ್ಟ ಕೊಟ್ಟ ನಿಮ್ಮ ನಿಮ್ಮ ನಂಬರ ಹಚ್ಚಿಸಿಕೊಂಡ ಬರ್ರಿ. ಇಸ್ಮತ ಮೌಶಿನ್ನ ಬಿಡ್ರಿ, ಪಾಪ.”

ಅಂದು ಮಧ್ಯಾಹ್ನ ಇಸ್ಮತಳ ಪಡಸಾಲೆಯಲ್ಲಿ ಕೂತೆವು. ಆಕೆ ಎಲ್ಲರಿಗೂ ಚಹ ಕೊಟ್ಟು, ಈ ಮಾತು ಮುಗಿದರೆ ಸಾಕು ಎಂಬಂತೆ ನಮ್ಮ ಮುಖ ನೋಡುತ್ತಿದ್ದಳು.

“ಯಾರ ನಂಬರ ಹಚ್ಚಸ್ಲಿ?” ಅಂದಳು ದಾಕ್ಷಾಯಣಿ. “ನನ್ನ ಕಡೆ ಫೋನ ಐತೇನ? ಮಗಂದ ಹಚ್ಚಿದರ ಓಟಿಪಿ ಅವನ ಕಿಸೆದಾಗ ಬೀಳತೈತಿ. ಆಮ್ಯಾಲ ರೇಷನ ಅವಂದ, ಪಗಾರ ಅವಂದ, ಕಡೀಕ ನಾನೂ ಅವಂದ.”

“ನಮ್ಮ ಹುಡಗ ಮಲ್ಲಿನಾಥ ಅಂಗಿ ಬದಲಸಿದಂಗ ಸಿಮ್ ಬದಲಸ್ತಾನ,” ಅಂದಳು ಶೈಲಾ. “ಅವನ ಬೆನ್ನ ಹತ್ತಿ ಎಲ್ಲಿ ಓಡ್ಲಿ ಯವ್ವಾ?”

ಎಲ್ಲರೂ ನಕ್ಕರು. ಇಸ್ಮತ ನಗಲಿಲ್ಲ.

“ಮಿರಜದಿಂದ ಫೋನಿನ್ಯಾಗ ಓಟಿಪಿ ನಾ ಹೇಳಾಕಿ ಅಲ್ಲ. ಹಂಗಾದ್ರ ಫೋನ ಭಾಗವ್ವಕ್ಕನ ಕೈಯಾಗ ಇಟ್ಟ ಹೋಗತೇನಿ. ದಾರ್ಯಾಗ ಆರಜೂನ ಸುದ್ದಿ ಕೇಳಾಕ ಅವರಪ್ಪನ ಫೋನ ಒಯ್ತೇನಿ,” ಅಂದಳು.

ಫೋನು ನನ್ನ ಕೈಗೆ ಬಂತು. ಹಳೆಯ ಮೆಸೇಜು ತೆಗೆದು ಓದಲು ಹೇಳಿದಳು. ನನಗೋ ಕಣ್ಣಲ್ಲಿ ಪೊರೆ. ಮೂರೋ ಎಂಟೋ ತಿಳಿಯದೆ ಎರಡು ಸಲ ಓದಿದೆ, ಎರಡು ಸಲವೂ ಬೇರೆ ಬೇರೆ ಬಂತು. ಓದಬಲ್ಲ ಸೊಸೆಯಂದಿರ ಕೈಗೆ ಕೊಡಲು ಅತ್ತೆಯರು ಒಪ್ಪಲಿಲ್ಲ. ಇಸ್ಮತ ಫೋನನ್ನು ವಾಪಸು ತೆಗೆದುಕೊಂಡು ಕುಬಸದೊಳಗೆ ಇಟ್ಟುಕೊಂಡಳು.

“ನಿಮ್ಮ ಖಾತ್ರಿ ಎಲ್ಲಾ ಮುಗಿಸಿ ಹೋಗತೇನಿ. ಲಗೂನ ಮಾಡ್ರಿ,” ಅಂದಳು.

ಲಗೂನೇ ಆಗಬೇಕಿತ್ತು. ಆದರೆ ಸೈಟು ತೆರೆಯಲಿಲ್ಲ. ದಿನಾ ಬೆಳಿಗ್ಗೆ ಕೇಂದ್ರದ ಮೆಟ್ಟಿಲ ಮೇಲೆ ಕೂರುವುದು, ಪರದೆಯ ಮೇಲೆ ಚಕ್ರ ತಿರುಗುವುದನ್ನು ನೋಡುವುದು, ಬಿಸಿಲೇರಿದ ಮೇಲೆ ಮನೆಗೆ ಬರುವುದು. ಇಸ್ಮತ ಬಟ್ಟೆಯ ಚೀಲವನ್ನು ಜೊತೆಗೇ ತರುತ್ತಿದ್ದಳು. ಕೂಸಿಗೆಂದು ಹೊಲಿದ ಸಣ್ಣ ಅಂಗಿ, ಕುಲಾಯಿ, ಮೆಂತ್ಯದ ಉಂಡೆಯ ಡಬ್ಬಿ. ಸೈಟು ತೆರೆದರೆ ಅಲ್ಲಿಂದಲೇ ಬಸ್ಸು ಹತ್ತಬೇಕೆಂದು. ಮಿರಜಿಗೆ ಹೋಗುವವರು ಮೊದಲು ಹತ್ತಬೇಕಾದ ಜತ್ತಿನ ಬಸ್ಸು ಎದುರಿಗೇ ನಿಲ್ಲುತ್ತಿತ್ತು. ಕಂಡಕ್ಟರನಿಗೂ ಅವಳ ಗುರುತಾಗಿತ್ತು.

“ಇವತ್ತರ ಬರ್ತೀರೇನ್ರಿ ಮೌಶಿ?” ಎನ್ನುತ್ತಿದ್ದ.

“ನಾಳಿ,” ಎನ್ನುತ್ತಿದ್ದಳು.

ನಾನೇ ಒಂದು ದಿನ, “ಹೋಗ ಇಸ್ಮತ, ನಮ್ಮ ಪಗಾರದ್ದು ನಾವ ನೋಡಕೋತೀವಿ” ಅಂದೆ. ಅವಳು ನನ್ನತ್ತ ನೋಡಿದಳು.

“ಹೆಂಗ ನೋಡಕೋತೀರಿ, ಹೇಳ್ರಿ?”



ಸೈಟು ತೆರೆದದ್ದು ಖಾತ್ರಿಗೆ ಕೊಟ್ಟ ಕೊನೆಯ ದಿನದ ಹಿಂದಿನ ದಿನ. ಶಂಕರಲಿಂಗ ಒಳಗಿಂದ, “ಬರ್ರಿ ಬರ್ರಿ, ಮೊದಲ ಭಾಗವ್ವಾಯಿ” ಎಂದು ಕೂಗಿದ. ನನ್ನ ಆಧಾರ ಕೊಟ್ಟು, ಹೊರಗೆ ಮೆಟ್ಟಿಲ ಮೇಲೆ ಇಸ್ಮತಳ ಎದುರು ಕೂತೆ. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಅಳಿಯ ಸೋಯಲ.

ದಿನ ತುಂಬುವ ಮೊದಲೇ ಬೇನೆ ಬಂದು, ಆರಜೂ ಹೆಣ್ಣು ಕೂಸು ಹಡೆದಿದ್ದಳು. ಇಬ್ಬರೂ ಆರಾಮ.

ಇಸ್ಮತ ಸೆರಗು ಬಾಯಿಗೆ ಒತ್ತಿಕೊಂಡಳು. “ಫೋನ ಕೂಸಿನ ಹತ್ರ ಹಿಡಿಯಪ್ಪಾ,” ಅಂದಳು. ಫೋನಿನೊಳಗಿನಿಂದ ಸಣ್ಣ ಅಳು ನನಗೂ ಕೇಳಿಸಿತು. ಆ ಅಳುವಿನ ನಡುವೆಯೇ ಟಿಣ್ ಎಂದಿತು.

“ಮೌಶಿ, ಬಂತೇನ್ರಿ? ಲಗೂನ ಹೇಳ್ರಿ, ಸೈಟ ಮತ್ತ ಹೋದೀತ!” ಎಂದ ಶಂಕರಲಿಂಗ ಒಳಗಿನಿಂದ.

“ಇರಲಿ ಬಿಡವ್ವಾ, ಕೇಳ ನೀ,” ಅಂದೆ.

ಅವಳು ಫೋನನ್ನು ಕಿವಿಯಿಂದ ತೆಗೆದಳು. ಕಣ್ಣು ಒರೆಸಿಕೊಂಡು, ನನ್ನ ಮುಖ ನೋಡಿ, ಒಂದೊಂದೇ ಅಂಕಿ ಓದಿದಳು. ನಾನು ಅವನ್ನು ಒಳಗೆ ಕೂಗಿ ಹೇಳಿದೆ. ಅವಳು ಫೋನನ್ನು ಮತ್ತೆ ಕಿವಿಗೆ ಹಚ್ಚಿಕೊಂಡಾಗ ಆ ಕಡೆ ಕೂಸು ಸುಮ್ಮನಾಗಿತ್ತು.

“ಮಲಗಿತಂತ,” ಎಂದಳು ನನಗೆ.

ರಸ್ತೆಯಲ್ಲಿ ಜತ್ತಿನ ಬಸ್ಸು ಬಂದು ನಿಂತಿತು. ಒಳಗಿನಿಂದ ಶಂಕರಲಿಂಗ ದಾಕ್ಷಾಯಣಿಯ ಹೆಸರು ಕೂಗಿದ. ಇಸ್ಮತ ಚೀಲವನ್ನು ಗೋಡೆಯ ಕಡೆಗೆ ಸರಿಸಿ, ದಾಕ್ಷಾಯಣಿಗೆ ಎದುರು ಕೂರಲು ಜಾಗ ಮಾಡಿದಳು.