ತಗಡಿನ ಕೆಳಗಿಟ್ಟ ಬಾಟಲಿಗಳು

ಇವತ್ತು ಹಾಲು ಕಾಯಿಸಿದೆ. ಮೆಂತ್ಯದ ಸೊಪ್ಪು ಸೋಸಿದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆ ಮಗುಚಿ ಬಂದು, ಫ್ರಿಜ್ ಬಂದ್ ಮಾಡಿ ಒಳಗೆಲ್ಲ ಒರೆಸಿದೆ. ಒಂದು ಮಾತು ಮಾತ್ರ ಇವತ್ತೂ ಬಾಯಿಂದ ಹೊರಡಲಿಲ್ಲ — ಆ ಬಿಯರ್ ಕೆಡಿಸಿದವಳು ನಾನು. ತಪ್ಪು ತನ್ನದೆಂದು ನನ್ನ ಗಂಡ ಇಷ್ಟು ವರ್ಷ ಕೊರಗುವುದನ್ನು ನೋಡುತ್ತ ಸುಮ್ಮನೆ ರೊಟ್ಟಿ ಬಡಿದವಳೂ ನಾನೇ.

ಇವರಿಗೆ ಕುಡಿತದ ಚಟವಿರಲಿಲ್ಲ. ರವಿವಾರ ಒಂದು ಗ್ಲಾಸು, ಬೀದರಿನ ಈ ಮನೆಯ ಪಡಸಾಲೆಯಲ್ಲಿ, ಹುರಿದ ಶೇಂಗಾ ಜೊತೆ. ಆ ರುಚಿ ಹಚ್ಚಿದವರು ಇವರ ಅಣ್ಣ, ಭಾಲ್ಕಿಯಲ್ಲಿದ್ದ ನಮ್ಮ ಭಾವ. ಔರಾದಿನಲ್ಲಿ ಇವರಿಗೆ ಮೊದಲ ನೌಕರಿ ಸಿಕ್ಕಾಗ ಇಬ್ಬರೂ ಒಂದೇ ಬಾಟಲಿ ಹಂಚಿಕೊಂಡಿದ್ದರಂತೆ. ಆಮೇಲೆ ಹಲಬರ್ಗಾದ ಹೊಲ ಪಾಲಾಯಿತು. ಕಲ್ಲುಭೂಮಿ ತನ್ನ ಪಾಲಿಗೆ ಬಂತೆಂದು ಭಾವ ಮಾತು ಬಿಟ್ಟರು.

ಒಂದು ಬೇಸಿಗೆಯಲ್ಲಿ ಇವರು ಬೆಂಗಳೂರಿನಿಂದ ಕ್ರಾಫ್ಟ್ ಬಿಯರ್ ತಂದರು, ಸಣ್ಣ ಭಟ್ಟಿಯವರು ಸ್ವಲ್ಪ ಸ್ವಲ್ಪವೇ ಮಾಡುವಂಥದ್ದು. "ಅಣ್ಣಗ ಹೇಳಿಕಳಿಸೇನಿ, ಬರ್ತಾನ," ಎಂದು ಫ್ರಿಜ್ಜಿನ ತಳದ ಖಾನೆಯಲ್ಲಿ ನೆಟ್ಟಗೆ ನಿಲ್ಲಿಸಿದರು.

"ಇದು ಹಾಲಿದ್ದಂಗ ನೋಡ. ಬಿಸಿ ತಾಗಿದ್ರ ಕೆಡ್ತದ."

"ಹಾಲಿದ್ದಂಗ ಅಂದ್ರ ಹೆಪ್ಪ ಹಾಕ್ಲೇನ್ರಿ?" ಎಂದು ನಕ್ಕೆ.

ಇವರು ಕೆಲಸದ ಮೇಲೆ ಔರಾದಿಗೆ ಹೋಗಿದ್ದಾಗ ಭಾತಂಬ್ರಾದಿಂದ ನನ್ನ ಅವ್ವ ಬಂದಳು. ಲಿಂಗಪೂಜೆಯಾಗದೆ ನೀರೂ ಕುಡಿಯದವಳು, ಆ ಫ್ರಿಜ್ಜಿನ ಹಾಲು ಮುಟ್ಟಿಯಾಳೇ? ಬಾಟಲಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ, ಮಾಳಿಗೆಯ ಮೇಲೆ ಸಂಡಿಗೆ ಡಬ್ಬಿಗಳ ಹಿಂದೆ, ತಗಡಿನ ಕೆಳಗಿಟ್ಟೆ. ಅವಳು ಊರಿಗೆ ಹೋದ ದಿನ ತರಲು ಹೋದರೆ ಗಾಜು ಕೈ ಸುಡುತ್ತಿತ್ತು. ಇವರು ಬರುವ ಮೊದಲೇ ಫ್ರಿಜ್ಜಿನ ತಳದಲ್ಲಿ ಮೊದಲಿನಂತೆ ನಿಲ್ಲಿಸಿದೆ. ಮತ್ತೆ ತಣ್ಣಗಾದರೆ ಸರಿಹೋದೀತು, ಸೆರೆ ಎಲ್ಲಾದರೂ ಕೆಡುತ್ತದೆಯೇ — ಹಾಗೆಂದುಕೊಂಡೆ. ಇಲ್ಲ, ಪೂರ್ತಿ ಹಾಗೂ ಅಲ್ಲ. ಬೈದಾರೆಂದು ಇವರಿಗೆ ಹೇಳಲಿಲ್ಲ.

ಭಾವ ತಡವಾಗಿಯಾದರೂ ಬಂದರು. ಇವರು ಕಾಲು ಮುಟ್ಟಿದರು. "ಏನ್ ತಮ್ಮಾ, ಹೊಟ್ಟಿ ಬಂದದಲ್ಲೋ ನಿನಗ!" ಎಂದು ಭಾವ ಬೆನ್ನಿಗೊಂದು ಗುದ್ದಿದರು. ಇವರ ಕಣ್ಣು ತುಂಬಿತ್ತು. ಮೊದಲ ಗ್ಲಾಸು ಅಣ್ಣನಿಗೇ ಸುರಿದರು. ನೆನೆದ ರಟ್ಟಿನ ವಾಸನೆ — ಬಾಗಿಲಲ್ಲಿದ್ದ ನನಗೂ ಬಂತು. ಒಂದು ಗುಟುಕು ಕುಡಿದು ಭಾವ ಗ್ಲಾಸು ಕೆಳಗಿಟ್ಟರು.

"ಬಾಸಿ ಅದ."

ನಮ್ಮ ಕಡೆ ಉಳಿದು ಹಳಸಿದ್ದಕ್ಕೆ ಆಡುವ ಮಾತು ಅದು. ಮನೆಗೆ ಕರೆಸಿಕೊಂಡವರಿಗೆ ಅಂಥದ್ದನ್ನು ಯಾರೂ ಬಡಿಸುವುದಿಲ್ಲ.

"ಹೊಲದಾಗೂ ನನಗ ಬಾಸಿ, ಗ್ಲಾಸಿನ್ಯಾಗೂ ಬಾಸಿ. ಮರ್ಯಾದಿ ಕಳೀಲಿಕ್ಕೇ ಕರದಿ ಏನ್ ತಮ್ಮಾ?"

"ಇಲ್ಲಣ್ಣಾ, ನಿನಗಂತ್ಲೇ ಇಟ್ಟಿದ್ದೆ—"

ಒಂದೇ ಮಾತು ಸಾಕಿತ್ತು — ಭಾವಾರೀ, ಮಾಳಿಗಿ ಮ್ಯಾಲ ಇಟ್ಟಾಕಿ ನಾ — ಅಷ್ಟೇ. ಶೇಂಗಾದ ತಟ್ಟೆ ಹಿಡಿದು ನಿಂತೇ ಇದ್ದೆ. ಭಾವ ಚಪ್ಪಲಿ ಮೆಟ್ಟಿದರು.

ಮತ್ತೆ ಬರಲಿಲ್ಲ. ಅವರು ತೀರಿಕೊಂಡಾಗ ಮಣ್ಣಿಗೆಂದು ಭಾಲ್ಕಿಗೆ ಹೋದೆವು. ಭಾವನ ಹೆಂಡತಿ ಹೊಸ್ತಿಲಲ್ಲೇ ಇವರನ್ನು ತಡೆದರು: "ಈಗ್ಯಾಕ ಬಂದ್ರಿ? ಇನ್ನೇನ್ ಬಾಸಿ ತಂದೀರಿ?" ಆಗಲೂ ನಾನು ಪಕ್ಕದಲ್ಲೇ ಇದ್ದೆ. ಆಗಲೂ —

ಇವತ್ತು ಫ್ರಿಜ್ ಒರೆಸುವಾಗ ಇವರು ಬಂದು ತಳದ ಖಾನೆ ನೋಡುತ್ತ ನಿಂತರು.

"ನಾ ಅಷ್ಟ ದಿನ ಇಡಬಾರದಿತ್ತು, ಸುಮಾ. ಜೋಪಾನ ಮಾಡ್ಲಿಕ್ಕ ಬರಲಿಲ್ಲ ನನಗ."

"ಅಲ್ರಿ, ಆ ಬಾಟ್ಲಿ ನೀವು—"

"ಬಿಡ. ಇನ್ನ ತಾಜಾ ತಂದ್ರೂ ಕುಡಿಯಾಂವ ಇಲ್ಲ."

ಬಿಟ್ಟೆ. ಹೇಳಿದರೂ ಅಣ್ಣ ಬರುವುದಿಲ್ಲ ಎಂದುಕೊಂಡೆ. ಅದು ನೆಪವೆಂದು ನನಗೆ ಗೊತ್ತು. ನಾಳೆ ಹೇಳುತ್ತೇನೆಂದು ಈ ಡೈರಿಯಲ್ಲಿ ಬರೆಯಲೂ ಧೈರ್ಯವಿಲ್ಲ.

ಮಧ್ಯಾಹ್ನ ಇವರಿಗೆ ಬಿಸಿ ರೊಟ್ಟಿ, ಮೆಂತ್ಯದ ಪಲ್ಯ ಬಡಿಸಿದೆ. ನಿನ್ನೆಯ ರೊಟ್ಟಿ ಮುರಿದು ನಾನು ತಿಂದೆ. ರಾತ್ರಿ ಇವರೇ ಮೊದಲು ಮಲಗಿದರು, ಗೋಡೆಗೆ ಮುಖ ಮಾಡಿ.