ಇನ್ನೂರ ಹನ್ನೆರಡು ಅವ್ವಂದಿರು

ಓಬುಳೇಶ್ ಆ ಪುಟವನ್ನು ಮಡಚಿ ಆರು ತಿಂಗಳು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿದ್ದ. ಅಂಗಿ ಒಗೆಯುವ ಮೊದಲು ತೆಗೆಯುತ್ತಿದ್ದ, ಒಣಗಿದ ಮೇಲೆ ಮತ್ತೆ ಸೇರಿಸುತ್ತಿದ್ದ. ಅದು ಅವನ ಗೈಡ್ ರಘುನಾಥ್ ಪ್ರಕಟಿಸಿದ ಸಂಶೋಧನಾ ಲೇಖನದ ಕೊನೆಯ ಪುಟ. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಟೈಪಿಂಗ್ ನೆರವಿಗಾಗಿ ಓಬುಳೇಶ್ ಅವರಿಗೆ ಕೃತಜ್ಞತೆಗಳು’ ಎಂದಿತ್ತು.

ಕನ್ನಡದ ಮಾತನ್ನು ಕಂಪ್ಯೂಟರು ತೆಲುಗಿಗೆ ತಿರುಗಿಸಬೇಕು. ಅದು ಅವನ ಪಿಎಚ್.ಡಿ. 2004ರಿಂದ ಎರಡು ವರ್ಷ ಆಂಧ್ರದ ಹಿಂದೂಪುರದ ಕಾಲೇಜಿನಿಂದ ಬಸ್ಸು ಹಿಡಿದು ರೊದ್ದಂ, ಬೆಳುಗುಪ್ಪ, ಸೆಟ್ಟೂರು ಸುತ್ತಿದ. ಜನರ ಮಾತನ್ನು ಟೇಪ್ ರೆಕಾರ್ಡರಿಗೆ ಹಿಡಿದು, ಒಂದೊಂದು ಕನ್ನಡ ವಾಕ್ಯದ ಎದುರು ತೆಲುಗು ವಾಕ್ಯ ಬರೆದ. ಒಂಬತ್ತು ಸಾವಿರ ಜೋಡಿ. ಯಂತ್ರ ಕಲಿತದ್ದು ಅವುಗಳಿಂದಲೇ. ಲೇಖನದಲ್ಲಿ ಅವೆಲ್ಲ ರಘುನಾಥರ ಸ್ವಂತದವಾಗಿದ್ದವು. ಅವು ತನ್ನವೆಂದು ತೋರಿಸದಿದ್ದರೆ ಓಬುಳೇಶನಿಗೆ ಪದವಿಯಿಲ್ಲ.

ಕೇಳಲು ಹೋದಾಗ ರಘುನಾಥ್ ಕೂರಲೂ ಹೇಳಲಿಲ್ಲ.

“ಕುರಿ ಕಾಯೋರ ಮಾತು ಬರ್ಕೊಂಡು ಬಂದ್ರೆ ರಿಸರ್ಚ್ ಆಗಲ್ಲ ಕಣಪ್ಪ.”

ಅವನು ನೋಟ್‌ಬುಕ್‌ಗಳನ್ನು ಹೊತ್ತು ಕಲ್ಯಾಣದುರ್ಗದ ಮನೆಗೆ ಬಂದ. ಅವನನ್ನು ಸಾಕಿದ ಅಜ್ಜಿ ತಿಪ್ಪಕ್ಕ, ಕಳವಾದದ್ದು ಏನೆಂದು ಓದಿ ಹೇಳು ಎಂದಳು. ಸೆಟ್ಟೂರಿನ ಬೀರಕ್ಕನ ಮಾತು ಬಂತು: ‘ನಮ್ಮವ್ವ ನನ್ನ ಹೊಲ್ದಾಗೇ ಹೆತ್ಲು.’ ಎದುರಿನ ತೆಲುಗನ್ನೂ ಓದಿದ. ಎರಡೂ ಭಾಷೆ ಬಲ್ಲ ತಿಪ್ಪಕ್ಕ ಬಾಯಲ್ಲಿದ್ದ ಎಲೆಯಡಿಕೆ ಉಗಿದು ನಕ್ಕಳು.

“ಅವರಜ್ಜಿ ಹೆತ್ಲೇನ್ಲಾ ಅವಳ್ನ? ಸೆಟ್ಟೂರ್ ಕಡೆ ಹೆತ್ತೋಳ್ಗೆ ಅವ್ವ ಅಂತಾರೆ. ನೀನು ನನ್ನ ಅವ್ವ ಅಂತೀಯ ಅಂತ ಊರೋರ್ಗೆಲ್ಲ ನಾನೇ ಅವ್ವ ಆಗ್ಬುಡ್ತೀನಾ?”

ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. ಅವರ ಮನೆಗೆ ಆ ಕರೆ ತೆಲುಗಿನಿಂದಲೇ ಬಂದಿತ್ತು. ಹಾಗಾಗಿ ಕನ್ನಡದ ಅವ್ವನನ್ನು ಅವನು ತೆಲುಗಿನಲ್ಲೂ ಅವ್ವನಾಗಿಯೇ ಬಿಟ್ಟಿದ್ದ. ಎಣಿಸಿದ, ಇನ್ನೂರ ಹನ್ನೆರಡು ಕಡೆ. ಮೊದಲು ನಾಚಿಕೆಯಾಯಿತು. ಆಮೇಲೆ ಜೇಬಿನ ಪುಟವನ್ನು ಮುಟ್ಟಿ ನೋಡಿಕೊಂಡ. ಒಂದು ತಪ್ಪನ್ನೂ ತಿದ್ದಲಿಲ್ಲ. ಆ ವರ್ಷ ಅವನು ಆ ತಪ್ಪುಗಳಷ್ಟು ಜೋಪಾನ ಮಾಡಿದ್ದು ಇನ್ನೊಂದಿಲ್ಲ.

ಯೂನಿವರ್ಸಿಟಿಯ ಪರಿಣತರು ಸಂಶೋಧನೆ ಪರಿಶೀಲಿಸಲು ಹಿಂದೂಪುರಕ್ಕೆ ಬಂದ ದಿನ ರಘುನಾಥ್ ಪ್ರೊಜೆಕ್ಟರ್ ಹಚ್ಚಿ ಯಂತ್ರವನ್ನು ತೋರಿಸಿದರು. ಓಬುಳೇಶ್ ಹಿಂದಿನ ಸಾಲಿನಿಂದ ಎದ್ದು ಒಂದು ವಾಕ್ಯ ಕೊಡಲೇ ಎಂದು ಕೇಳಿದ. ಬೀರಕ್ಕನ ಮಾತು ಕೊಟ್ಟ. ಅಜ್ಜಿ ಮೊಮ್ಮಗಳನ್ನು ಹೊಲದಲ್ಲಿ ಹೆತ್ತ ತೆಲುಗು ವಾಕ್ಯ ಪರದೆಯ ಮೇಲೆ ಬಂತು. ಸಭೆ ನಕ್ಕಿತು. ಯಂತ್ರಕ್ಕೆ ಇನ್ನೂ ಕಲಿಕೆ ಸಾಲದು ಎಂದರು ರಘುನಾಥ್.

ಯಂತ್ರ ಕಲಿಸಿದ್ದನ್ನೇ ಹೇಳುತ್ತಿದೆ, ಇದೇ ತಪ್ಪು ಇನ್ನೂರ ಹನ್ನೆರಡು ಕಡೆ ಇದೆ ಎಂದ ಓಬುಳೇಶ್. ಹಿರಿಯ ಪರಿಣತರು ರಘುನಾಥರತ್ತ ತಿರುಗಿ, ನಿಮ್ಮ ಮನೆಯಲ್ಲಿ ಅಜ್ಜಿಯನ್ನು ಏನೆಂದು ಕರೆಯುತ್ತೀರಿ ಎಂದರು.

“ಅಜ್ಜಿ ಅಂತಲೇ.”

“ನೀವು?” ಎಂದು ಓಬುಳೇಶನತ್ತ ತಿರುಗಿದರು.

“ಅವ್ವ ಅಂತೀವಿ ಸಾರ್. ತಪ್ಪು ನಂದೇ.” ಓಬುಳೇಶ್ ಕೈಬರಹದ ಹದಿನಾಲ್ಕು ನೋಟ್‌ಬುಕ್‌ಗಳನ್ನು ಮೇಜಿನ ಮೇಲೆ ಪೇರಿಸಿದ. ಪುಟ ತಿರುವುತ್ತಿದ್ದವರನ್ನು ನೋಡಲಿಲ್ಲ. ರಘುನಾಥರ ಮುಖವನ್ನೇ ನೋಡುತ್ತಿದ್ದ, ಕಣ್ತುಂಬ.

ಜೋಡಿಗಳು ಓಬುಳೇಶನವೇ ಎಂದು ತೀರ್ಮಾನವಾಯಿತು, ಗೈಡ್ ಬದಲಾದರು. 2009ರಲ್ಲಿ ಅವನು ಮಹಾಪ್ರಬಂಧ ಸಲ್ಲಿಸಿದ. ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ತಿಪ್ಪಕ್ಕನದು. ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ‘ಪ್ರೊಜೆಕ್ಟರ್ ಹಚ್ಚಿದ ನೆರವಿಗಾಗಿ ರಘುನಾಥ್ ಅವರಿಗೆ.’