ಕಾರಂಜಿಯ ಹೆಂಗಸಿಗೆ ಹೊಸ ಮೂಗು

ನಮ್ಮ ದೊಡ್ಡಮ್ಮನ ಇಸ್ತ್ರಿ ಅಂಗಡಿ ಊರ ಚೌಕದಲ್ಲೇ ಇದೆ. ಬಟ್ಟೆಯ ಸುಕ್ಕು ತೆಗೆಯುವುದು ಅವಳ ಕಸುಬು, ಗಿರಾಕಿಗಳ ಸೊಕ್ಕು ತೆಗೆಯುವುದು ಹವ್ಯಾಸ. ಎದುರಿಗೇ ಕಾರಂಜಿ, ಅದರ ನಡುವೆ ಕೊಡ ಹಿಡಿದ ಕಲ್ಲಿನ ಹೆಂಗಸು. "ಅವಳು ನಮ್ಮಮ್ಮ," ಎಂದು ಬಂದವರಿಗೆಲ್ಲ ದೊಡ್ಡಮ್ಮ ಹೇಳುತ್ತಾಳೆ.

ಅದು ಬರೀ ಬಡಾಯಿಯಲ್ಲ. ಊರಿಗೆ ನಲ್ಲಿ ನೀರು ಬಂದ ಕಾಲದಲ್ಲಿ ಪುರಸಭೆಯ ಅಧ್ಯಕ್ಷನಿಗೆ ತನ್ನ ಹೆಸರನ್ನು ಕಲ್ಲಲ್ಲಿ ನೋಡುವ ಹುಚ್ಚು ಹಿಡಿದು ಈ ಕಾರಂಜಿ ಎದ್ದಿತು. ನಲ್ಲಿಯಲ್ಲಿ ನೀರು ಬರದ ದಿನವೂ ಇಲ್ಲಿ ಚಿಮ್ಮುತ್ತಿತ್ತಂತೆ. ಶಿಲ್ಪಿಗೆ ದಿನಾ ಊಟ ಒಯ್ಯುತ್ತಿದ್ದವಳು ದೊಡ್ಡಮ್ಮನ ತಾಯಿ, ಅಂದರೆ ನಮ್ಮಜ್ಜಿ. ಆ ಪುಣ್ಯಾತ್ಮ ಬೇರೆ ಹೆಂಗಸರ ಮುಖ ನೋಡಲು ಹೆದರುತ್ತಿದ್ದ, ಹಾಗಾಗಿ ಅವಳದನ್ನೇ ಕೆತ್ತಿದ.

ಮಕ್ಕಳು ಚಿಕ್ಕವರಿರುವಾಗಲೇ ಅಜ್ಜಿ ತೀರಿಕೊಂಡಳು. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅವಳು ಮಕ್ಕಳನ್ನು ಗದರಲು ಹಿಂದೆ ತಿರುಗಿದ್ದಾಳೆ. ಕಾಣುವುದು ಜಡೆ ಮಾತ್ರ. ತಾಯಿಯ ಮುಖ ಬೇಕೆಂದರೆ ಚೌಕಕ್ಕೇ ಬರಬೇಕು. ಅಲ್ಲೂ ಎಷ್ಟೋ ವರ್ಷಗಳ ಹಿಂದೆಯೇ ದೀಪದ ಸರ ಕಟ್ಟುವವರ ಏಣಿ ಬಿದ್ದು ಮೂಗು ಹಾರಿಹೋಗಿತ್ತು. ಪುರಸಭೆ ವಿಷಾದ ವ್ಯಕ್ತಪಡಿಸಿ ಏಣಿ ರಿಪೇರಿ ಮಾಡಿಸಿತು. ದೊಡ್ಡಮ್ಮ ಮಾತ್ರ ಅಂಗಡಿ ತೆರೆದ ಕೂಡಲೇ ಆ ಮೂಗಿಲ್ಲದ ಮುಖಕ್ಕೆ ಊರ ಸುದ್ದಿ ಒಪ್ಪಿಸುವುದನ್ನು ಬಿಡಲಿಲ್ಲ: ಯಾರ ಅಂಗಿ ಸುಟ್ಟಿತು, ಯಾರ ಮಗಳು ಯಾರ ಜೊತೆ ಓಡಿಹೋದಳು.

ಈ ವರ್ಷ ಚೌಕಕ್ಕೆ ಹೊಸ ರೂಪ ಕೊಡಲು ವಾಸ್ತುಶಿಲ್ಪಿಯೊಬ್ಬ ಬಂದ. ಹಾಡಿಗೆ ಕುಣಿಯುವ ನೀರು, ಬಣ್ಣದ ದೀಪ, ಕೂತರೆ ಎದ್ದುಹೋಗಬೇಕೆನಿಸುವ ಬೆಂಚು. ನಕ್ಷೆಯಲ್ಲಿ ಕಲ್ಲಿನ ಹೆಂಗಸಿಗೆ ಸೋಪಿನ ಜಾಹೀರಾತಿನ ಮೂಗು. ದೊಡ್ಡಮ್ಮ ಇಸ್ತ್ರಿಪೆಟ್ಟಿಗೆ ಸಮೇತ ಅವನ ಮುಂದೆ ಹೋಗಿ ನಿಂತಳು.

"ಯಾರ ಮೂಗು ಸ್ವಾಮಿ ಇದು?"

"ಚೆನ್ನಾಗಿದೆಯಲ್ಲಮ್ಮ?"

"ಚೆನ್ನಾಗಿದ್ರೆ ನಿಮ್ಮಮ್ಮನಿಗೆ ಹಾಕಿ. ನಮ್ಮಮ್ಮನಿಗೆ ಅವಳದೇ ಬೇಕು."

"ಫೋಟೋ ಕೊಡಿ, ಹಾಗೇ ಮಾಡೋಣ."

ಜಡೆ ತೋರಿಸಿ ಮೂಗು ಕೇಳುವುದು ಹೇಗೆ? ದೊಡ್ಡಮ್ಮ ಒಂದು ಕ್ಷಣ ತಡವರಿಸಿ, "ನನ್ನದೇ ತಗೊಳ್ಳಿ. ಥೇಟ್ ಅಮ್ಮಂದೇ," ಎಂದಳು. ಅವಳನ್ನು ಇಸ್ತ್ರಿ ಮೇಜಿನ ಮೇಲೆಯೇ ಮಲಗಿಸಿ, ಉಸಿರಾಡಲು ಬಾಯಿಗೆ ಸ್ಟ್ರಾ ಕೊಟ್ಟು, ಮೂಗಿಗೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದರು. ಅಷ್ಟು ಹೊತ್ತು ದೊಡ್ಡಮ್ಮ ಬಾಯಿ ಮುಚ್ಚಿಕೊಂಡಿದ್ದದ್ದನ್ನು ನೋಡಲು ಅರ್ಧ ಊರೇ ಸೇರಿತ್ತು.

ಉದ್ಘಾಟನೆಗೆ ಅವಳ ಅಣ್ಣ, ನನ್ನ ಸೋದರಮಾವ, ಪಕ್ಕದೂರಿಂದ ಬಂದ. ಪರದೆ ಸರಿಯಿತು, ನೀರು ಕುಣಿಯಿತು, ಮೊದಲ ಸಾಲಿನ ಗಣ್ಯರೆಲ್ಲ ತೊಯ್ದು ತೊಪ್ಪೆಯಾದರು. ಮಾವ ಮಾತ್ರ ಮೂಗನ್ನೇ ನೋಡುತ್ತಿದ್ದ.

"ಅಯ್ಯೋ ನಿನ್ನ! ಇದು ಅಪ್ಪನ ಮೂಗು! ಅಮ್ಮನ ಮುಖದ ಮೇಲೆ ಅಪ್ಪನನ್ನ ಕೂರಿಸಿದ್ದೀಯಲ್ಲೇ!"

ನನಗೆ ನಗು ತಡೆಯಲಾಗಲಿಲ್ಲ. ದೊಡ್ಡಮ್ಮ ನಗಲಿಲ್ಲ.

"ಗೊತ್ತಣ್ಣ. ಅಮ್ಮಂದು ಹೇಗಿತ್ತು ಅಂತ ಎಷ್ಟು ಯೋಚಿಸಿದ್ರೂ ನೆನಪಾಗ್ಲಿಲ್ಲ. ನಾಚಿಕೆಯಾಗಿ ಸುಳ್ಳು ಹೇಳ್ದೆ. ನೀನು ದೊಡ್ಡೋನು, ನೀನು ಹೇಳು. ಹೇಗಿತ್ತು?"

"ಹೇಗಿತ್ತು ಅಂದ್ರೆ..." ಮಾವ ಬೆರಳನ್ನು ತನ್ನ ಮೂಗಿನ ಹತ್ತಿರ ತಂದ. ಅದು ಅಲ್ಲೇ ನಿಂತಿತು. ಹಾಡು ಮುಗಿದು ನೀರು ಇಳಿದ ಮೇಲೂ ಆ ಬೆರಳಿಗೆ ಅಮ್ಮನ ಮೂಗಿನ ಆಕಾರ ಸಿಗಲಿಲ್ಲ.

ದೊಡ್ಡಮ್ಮ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.